ಪತ್ತೇದಾರಿ ಚಿತ್ರವೂ ಹಾಡಿನ ಪುಸ್ತಕವೂ

(ಸಂಘದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪತ್ತೇದಾರಿ ಚಿತ್ರದ ಗುಟ್ಟು ಒಮ್ಮೆ ನೋಡಿದೊಡನೆ ಮುಗಿಯಿತು. ಹೀಗಿದ್ದೂ ಅಂಥ ಹಳೆಯ ಚಿತ್ರವೊಂದರ ಭಿತ್ತಿಪತ್ರಕ್ಕಾಗಿ ಜನರು ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಧೂಳು ಕೊಡವುತ್ತ ಕೂರುವುದೇಕೆ? ಇದನ್ನು ಕುರಿತು ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇವೆ.

1962ರ ‘ಬೀಸ್ ಸಾಲ್ ಬಾದ್’ ಚಿತ್ರವನ್ನೇ ತೆಗೆದುಕೊಳ್ಳಿ. ಕಾನನ್ ಡಾಯ್ಲ್ ಬರೆದ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾದಂಬರಿಯ ಎಳೆ ಹಿಡಿದು ಮಾಡಿದ ಚಿತ್ರವದು. ನಿರ್ಮಾಪಕರೂ ಸಂಗೀತ ನಿರ್ದೇಶಕರೂ ಹೇಮಂತಕುಮಾರರೇ. ನಿರ್ದೇಶಕ ಬೀರೇನ್ ನಾಗ್ ಮೊದಲು ಕಲಾ ನಿರ್ದೇಶಕರಾಗಿದ್ದವರು. ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಗುರುದತ್ತರು ನಿರ್ಮಿಸಿದ ‘ಚೌದವೀ ಕಾ ಚಾಂದ್’ (1960) ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ತಂದಿತ್ತು. ಮೂಲದ ಬೇಟೆನಾಯಿ ಇಲ್ಲಿ ಮಾಯವಾಗಿ, ಇರುಳಿನಲ್ಲಿ ಹಾಡುವ ಹೆಣ್ಣುದನಿ ಬಂದಿತು. ಆ ಹಾಡಿಗೆ ಲತಾ ಮಂಗೇಶ್ಕರರೂ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಕೊಲೆಗಾರನಾರೆಂಬುದನ್ನು, ನೋಡದವರ ಸಲುವಾಗಿ, ನಾವು ಹೇಳುವುದಿಲ್ಲ.

ಅಂದಿನ ಹಾಡಿನ ಪುಸ್ತಕಗಳೂ ಹೇಳುತ್ತಿರಲಿಲ್ಲ. ಚಿತ್ರಮಂದಿರದಲ್ಲಿ ಅಗ್ಗದ ಬೆಲೆಗೆ ಮಾರುತ್ತಿದ್ದ ಆ ಪುಸ್ತಿಕೆಗಳಲ್ಲಿ ಕಥೆ ನಡುವೆಯೇ ನಿಂತು, ಮಿಕ್ಕುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುಗಿಯುತ್ತಿತ್ತು. ಪತ್ತೇದಾರಿ ಚಿತ್ರದ ಪುಸ್ತಿಕೆಗೆ ಇದು ಎಷ್ಟು ಒಪ್ಪುತ್ತದೆ! ಗುಟ್ಟು ಇನ್ನೂ ಒಡೆಯದಿದ್ದ ಆ ಘಳಿಗೆಯನ್ನೇ ಸಂಗ್ರಾಹಕನು ಕೊಂಡು ಪೆಟ್ಟಿಗೆಯಲ್ಲಿಡುತ್ತಾನೆ.

ಸಂಗ್ರಾಹಕನೂ ಪತ್ತೇದಾರನೇ. ಮಡಿಕೆಯ ಗೆರೆ, ಕಾಗದದ ಹೊಳಪು, ಅಡಿಯಲ್ಲಿರುವ ಮುದ್ರಣಾಲಯದ ಹೆಸರು ಇವೇ ಅವನ ಸುಳಿವುಗಳು. ಬ್ಯಾಂಕಿನಲ್ಲಿ ದಿನವೂ ನೋಟನ್ನು ಬೆಳಕಿಗೆ ಹಿಡಿಯುವ ನಮಗೆ ಈ ವಿದ್ಯೆ ಹೊಸತಲ್ಲ. ಆದರೂ ಒಮ್ಮೆ, ಚಹದಲ್ಲಿ ಅದ್ದಿದ ಹೊಸ ಮುದ್ರಣವನ್ನು ಹಳೆಯದೆಂದು ನಂಬಿ ಕೊಂಡುತಂದೆವು!

ನಗುವ ವಿಷಯ ಇಷ್ಟೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು; ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಚಿತ್ರವೇ ಕಾಣೆಯಾದಾಗ ಸಾಕ್ಷಿ ನುಡಿಯಬೇಕಾದುದು ಕಾಗದವೇ. ಆ ಕಾಗದವನ್ನು ನಾವೇನು ಮಾಡಿದೆವು? ಚಾಳಿನಿಂದ ಡೊಂಬಿವಲಿಗೆ ಮನೆ ಬದಲಿಸಿದಾಗ, ಅಜ್ಜನವರ ಟ್ರಂಕಿನಲ್ಲಿದ್ದ ಕನ್ನಡ ಹಾಡಿನ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ತೂಗಿಕೊಟ್ಟೆವು. ರಾಜಕುಮಾರರು ಪತ್ತೇದಾರರಾಗಿ ನಟಿಸಿದ ‘ಜೇಡರ ಬಲೆ’ಯ (1968) ಪುಸ್ತಿಕೆಯೂ ಅವುಗಳಲ್ಲಿತ್ತು. ಈ ಪ್ರಕರಣದಲ್ಲಿ ಅಪರಾಧಿ ಯಾರೆಂದು ಹುಡುಕಬೇಕಾಗಿಲ್ಲ.

ಆದುದರಿಂದ ನಮ್ಮ ಬಿನ್ನಹವಿಷ್ಟೆ: ರದ್ದಿಯವನು ಬರುವ ಮುನ್ನ ತಾವು ತಮ್ಮ ಟ್ರಂಕುಗಳನ್ನು ತೆರೆದು ನೋಡಬೇಕು. ದೊರೆತ ಕನ್ನಡ ಪುಸ್ತಿಕೆಗಳನ್ನು ಸಂಘದ ಕಪಾಟಿಗೆ ಒಪ್ಪಿಸಬೇಕು.

ಸಿರಿಗನ್ನಡಂ ಗೆಲ್ಗೆ.