ಸಂಗೊಳ್ಳಿಯ ರಾಯಣ್ಣ

(ಡೊಂಬಿವಲಿಯಲ್ಲಿ ಗಣರಾಜ್ಯ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಕಲ್ಯಾಣದಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಇಳಿಯುವ ಬೆಂಗಳೂರು ನಿಲ್ದಾಣಕ್ಕೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಟಿಕೇಟಿನಲ್ಲಿ ಕೆ.ಎಸ್.ಆರ್. ಎಂದು ಮೂರಕ್ಷರವಾಗಿದೆ. ಯಾರವನು ಎಂದು ಹೋಟೆಲಿನ ಹುಡುಗನೊಬ್ಬ ನನ್ನನ್ನು ಕೇಳಿ, "ಯಾವುದೋ ಅರಸನಿರಬೇಕು" ಎಂದು ಉತ್ತರವನ್ನೂ ತಾನೇ ಕೊಟ್ಟುಕೊಂಡ.

ಅರಸನಲ್ಲ, ದೇಸಾಯಿಯೂ ಅಲ್ಲ. ಅವನು ಶೇತ್ಸನದಿ, ಅಂದರೆ ಊರ ಕಾವಲಿನ ಚಾಕರಿ ಮಾಡಿ, ಸಂಬಳದ ಬದಲು ಒಂದಿಷ್ಟು ಹೊಲ ಉಣ್ಣುವವನು. ಕುರುಬರ ಮನೆಯ ಮಗ. ನಮ್ಮ ನಿಮ್ಮಂತೆ ದುಡಿದು ತಿನ್ನುವ ಆಳು.

1824ರಲ್ಲಿ ಕಿತ್ತೂರಿನ ದೇಸಾಯಿ ಮಕ್ಕಳಿಲ್ಲದೆ ತೀರಿದಾಗ ದತ್ತುಮಗ ಶಿವಲಿಂಗಪ್ಪನನ್ನು ಇಂಗ್ಲಿಷರು ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯೇ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ, 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡರು. ರಾಯಣ್ಣನನ್ನೂ ಹಿಡಿದು, ಆಮೇಲೆ ಬಿಟ್ಟಿದ್ದರು.

ಬಹಳ ಮಂದಿ, ರಾಯಣ್ಣ ರಾಣಿಯ ಬಲಗೈ ಎಂದು ಹೇಳಿ ಕೈಮುಗಿದು ಮುಗಿಸುತ್ತಾರೆ. ನನಗೆ ಅಷ್ಟು ಸಾಲದು. ಅವನ ನಾಯಕತನ ಕಂಡದ್ದು ಕೋಟೆ ಹೋಗಿ, ಒಡೆಯರು ಹೋಗಿ, ಅನ್ನ ಹಾಕುವವರು ಯಾರೂ ಇಲ್ಲದಾಗ! ಕಂಪನಿ ಸರಕಾರ ಅವನ ಹೊಲದ ಬಹುಪಾಲು ಕಿತ್ತುಕೊಂಡು, ಉಳಿದುದರ ಮೇಲೆ ಭಾರೀ ಕಂದಾಯ ಹೇರಿತ್ತು. ಅವನು ಸಾಮಾನ್ಯ ಜನರನ್ನೇ ಕೂಡಿಸಿ ದಂಡು ಕಟ್ಟಿದ. ಶಿವಲಿಂಗಪ್ಪನನ್ನು ಗಾದಿಗೆ ತರುವುದೇ ಹಟ. ಫಿರಂಗಿಯ ಮುಂದೆ ಬಯಲಲ್ಲಿ ನಿಲ್ಲಲಾಗದೆಂಬುದು ಕಿತ್ತೂರಿನಲ್ಲೇ ತಿಳಿದಿತ್ತು. ಆದ್ದರಿಂದ 1829-30ರಲ್ಲಿ ಅವನ ದಂಡು ಒಂದೆಡೆ ನಿಲ್ಲದೆ ಊರಿಂದೂರಿಗೆ ಸರಿಯುತ್ತ ಸಿಪಾಯಿಗಳನ್ನು ದಾರಿಯಲ್ಲಿ ಅಡ್ಡಗಟ್ಟಿತು, ಖಜಾನೆ ಲೂಟಿ ಮಾಡಿತು, ಸರಕಾರಿ ಕಚೇರಿಗಳನ್ನು ಸುಟ್ಟಿತು.

ಕಚೇರಿ ಏಕೆ ಸುಡಬೇಕು? ಗಿರಣಿಯಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಹೋದದ್ದು ಕತ್ತಿಯಿಂದಲ್ಲ, ದಫ್ತರದಲ್ಲಿ ಬರೆದ ಒಂದು ಸಾಲಿನಿಂದ. ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮೇಲೆ ಗೀಟು ಬಿದ್ದವನಿಗೆ ಆ ಸಾಲಿನ ಬಲ ಗೊತ್ತು. ಇದು ನನ್ನ ಎಣಿಕೆ. ಒಪ್ಪದವರು ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ಜಗಳವಾಡಬಹುದು.

ದಂಡಿನ ಖರ್ಚಿಗೆ ಅವನು ಜಮೀನ್ದಾರರಿಂದ ವಸೂಲಿ ಮಾಡುತ್ತಿದ್ದ. ಅದರಿಂದ ಹಗೆಗಳೂ ಹುಟ್ಟಿರಬೇಕು. ಪಲ್ಟಣಕ್ಕೆ ಸಿಗದವನನ್ನು 1830ರ ಏಪ್ರಿಲಿನಲ್ಲಿ ನಾಡಿನವರೇ ಮೋಸದಿಂದ ಹಿಡಿದುಕೊಟ್ಟರು. ಹಳ್ಳದಲ್ಲಿ ಸ್ನಾನಕ್ಕಿಳಿದು ಕತ್ತಿ ದಡದಲ್ಲಿಟ್ಟಿದ್ದನೆಂದು ಬೆಳಗಾವಿ ಕಡೆಯವರು ಇಂದಿಗೂ ಮರುಗಿ ಹೇಳುತ್ತಾರೆ. ಕಂಪನಿಯ ಬಂದೂಕಿಗಿಂತ ಈ ಮಾತೇ ನನ್ನನ್ನು ಹೆಚ್ಚು ಕಾಡುತ್ತದೆ. ಅವನ ಜೊತೆಗೆ ನಿಂತವರೂ ಆ ಹಳ್ಳಿಗಳವರೇ, ಕೊಟ್ಟವರೂ ಅವರೇ.

1831ರ ಜನವರಿ 26ರಂದು ನಂದಗಡದ ಬಳಿ ಅವನನ್ನು ಗಲ್ಲಿಗೇರಿಸಿದರು. ಇವತ್ತಿನ ತಾರೀಖೇ. ನಂದಗಡದಲ್ಲಿ ಅವನ ಸಮಾಧಿಯ ಮೇಲೆ ದೊಡ್ಡ ಆಲದ ಮರವಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ರಜೆಗೆ ಊರಿಗೆ ಹೋಗುವವರು ಖಾನಾಪುರದಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ.