ಮಾನಕ್ಕಿಂತ ಮಗು ದೊಡ್ಡದು
(ಆದಿವಾಲದ ಭಕ್ತರಿಗೆ ನೀಡಿದ ಆಶೀರ್ವಚನ)



ಸಂಸ್ಕೃತದಲ್ಲಿ ಮಕ್ಕಳಿಗೆ ‘ಅಪತ್ಯ’ ಎಂಬ ಹೆಸರಿದೆ. ಯಾವುದರಿಂದ ವಂಶವು ಕೆಳಗೆ ಬೀಳುವುದಿಲ್ಲವೋ ಅದು ಅಪತ್ಯ ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಮನೆತನವನ್ನು ಬೀಳದಂತೆ ಹಿಡಿಯುವ ಆ ಮಗುವೇ ಕಾಣೆಯಾದರೆ ತಂದೆತಾಯಿಗಳು ಏನು ಮಾಡಬೇಕು? ಈ ಹೊತ್ತು ಅದನ್ನೇ ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಇದು ಲೌಕಿಕದ ಮಾತು, ಮಠದಲ್ಲಿ ಏಕೆ ಎನ್ನಬೇಡಿ. ಲೌಕಿಕವನ್ನು ನೆಟ್ಟಗೆ ನಡೆಸದವನಿಗೆ ಪರಮಾರ್ಥ ಎಲ್ಲಿಯದು?

ನಿಮ್ಮ ಆದಿವಾಲ ಹೆದ್ದಾರಿಯ ಊರು. ಬೆಂಗಳೂರಿಗೂ ಪುಣೆಗೂ ಹೋಗುವ ವಾಹನಗಳು ಹಗಲಿರುಳು ಓಡುತ್ತಲೇ ಇರುತ್ತವೆ. ಹಿರಿಯೂರಿಗೆ ಹೋದರೆ ಬಳ್ಳಾರಿಯ ದಾರಿ ಬೇರೆ, ಹುಳಿಯಾರಿನ ದಾರಿ ಬೇರೆ. ಹಿಂದೆ ಹುಡುಗ ಮುನಿಸಿಕೊಂಡು ಹೋದರೆ ಪಕ್ಕದೂರಿನ ಸೋದರಮಾವನ ಮನೆಯಲ್ಲಿ ಸಿಗುತ್ತಿದ್ದ. ಹಿರಿಯೂರಿನಿಂದ ಬೆಂಗಳೂರು ಸುಮಾರು 160 ಕಿಲೋಮೀಟರು. ಬೆಳಿಗ್ಗೆ ಬಸ್ಸು ಹತ್ತಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಆ ಜನಸಾಗರದಲ್ಲಿರುತ್ತಾನೆ. ಆದ್ದರಿಂದ ಮೊದಲ ಗಂಟೆಯೇ ಮುಖ್ಯವಾದದ್ದು.

ಆ ಗಂಟೆಯಲ್ಲಿ ನಾವು ಏನು ಮಾಡುತ್ತೇವೆ? ಕೆಲವರು ಶಾಸ್ತ್ರ ಕೇಳಲು ಓಡುತ್ತಾರೆ. ಕೆಲವರು ಮಠಕ್ಕೆ ಬಂದು ವಿಭೂತಿ ಕೇಳುತ್ತಾರೆ. ಹಲವರು ಬಾಗಿಲು ಹಾಕಿಕೊಂಡು, ಯಾರಿಗೂ ಹೇಳಬೇಡಿ, ಮಾನ ಹೋದೀತು ಎನ್ನುತ್ತಾರೆ. ಕಾಣೆಯಾದದ್ದು ಹೆಣ್ಣುಮಗುವಾದರಂತೂ ಈ ಬಾಗಿಲು ಇನ್ನೂ ಭದ್ರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನೀವು ಬಲ್ಲಿರಿ. ನಾವು ಕೇಳುವುದಿಷ್ಟೇ: ಮಾನ ಕಾಯುತ್ತ ಕೂತು ಕಳೆದುಕೊಂಡ ಮಗುವನ್ನು ಯಾವ ಆನೆ ಕೊಟ್ಟು ತರುತ್ತೀರಿ?

ಮೊದಲು ಹತ್ತಿರದಲ್ಲಿ ಹುಡುಕಿ. ಸಣ್ಣ ಮಗುವಾದರೆ ನೀರಿನ ಕಡೆಗೇ ಮೊದಲು ಓಡಿ: ಬಾವಿ, ಕೃಷಿಹೊಂಡ, ನಾಲೆ. ಬಾಯಿ ಮುಚ್ಚದ ಕೊಳವೆಬಾವಿಯನ್ನು ಮರೆಯಬೇಡಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸು ಕೊಳವೆಬಾವಿಗೆ ಬಿತ್ತು. ಅಳು ಕೇಳಿದವರು ಕೂಡಲೇ ಸುದ್ದಿ ಮುಟ್ಟಿಸಿದರು. ಸುಮಾರು 20 ಗಂಟೆಗಳ ಶ್ರಮದ ಮೇಲೆ ಕೂಸು ಜೀವಂತವಾಗಿ ಮೇಲೆ ಬಂತು.

ಮನೆಯವರು ಹುಡುಕುತ್ತಿರುವಾಗಲೇ ಒಬ್ಬರು ಪೊಲೀಸ್ ಠಾಣೆಗೆ ಹೋಗಬೇಕು. 112ಕ್ಕಾಗಲಿ, ಮಕ್ಕಳ ಸಹಾಯವಾಣಿ 1098ಕ್ಕಾಗಲಿ ಫೋನು ಮಾಡಬೇಕು. ಇತ್ತೀಚಿನ ಭಾವಚಿತ್ರ, ಉಟ್ಟ ಬಟ್ಟೆ, ಮೈಮೇಲಿನ ಮಚ್ಚೆ, ಕೊನೆಗೆ ಕಂಡ ಜಾಗ, ಜೊತೆಗಾರರ ಹೆಸರು, ಇವನ್ನೆಲ್ಲ ಹೇಳಬೇಕು. ಮನೆಯಲ್ಲಿ ಜಗಳವಾಗಿದ್ದರೆ ಅದನ್ನೂ ಮುಚ್ಚಿಡಬಾರದು. ವೈದ್ಯನ ಮುಂದೆ ರೋಗ ಮುಚ್ಚಿಟ್ಟಂತಾದೀತು. ಮನೆಯಲ್ಲಿ ಒಬ್ಬರಾದರೂ ಇರಲಿ. ಮಗು ತಾನಾಗಿ ಬಂದರೆ ಬಾಗಿಲಿಗೆ ಬೀಗ ಕಾಣಬಾರದು.

24 ಗಂಟೆ ಕಳೆದ ಮೇಲೆಯೇ ದೂರು ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅಂಥ ಕಾನೂನಿಲ್ಲ. ಮಗು ಕಾಣೆಯಾದ ದೂರು ಬಂದರೆ ಎಫ್.ಐ.ಆರ್. ದಾಖಲಿಸಿಯೇ ತನಿಖೆ ಮಾಡಬೇಕೆಂದು ಸುಪ್ರೀಂ ಕೋರ್ಟು 2013ರ ಮೇ 10ರಂದು ಆಜ್ಞೆ ಮಾಡಿದೆ. ಅಪಹರಣವಾಗಿರಬಹುದೆಂದೇ ಮೊದಲು ಭಾವಿಸಬೇಕೆಂದಿದೆ. ಇದು ನಮ್ಮ ಸರಹದ್ದಲ್ಲ ಎಂದು ಯಾವ ಠಾಣೆಯೂ ನಿಮ್ಮನ್ನು ಅಲೆಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಸ್ಪಷ್ಟಪಡಿಸಿದೆ. ದಾಖಲಿಸಿಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬರೆದುಕೊಡಿ. ಪ್ರತಿಯನ್ನು ಕೇಳಿ ಪಡೆಯಿರಿ, ಅದಕ್ಕೆ ಹಣವಿಲ್ಲ.

24 ಗಂಟೆಯ ಮಾತು ಕಾನೂನಿನಲ್ಲಿ ಇರುವುದು ಬೇರೆ ಕಡೆ. ಜಾತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ದಿಕ್ಕಿಲ್ಲದ ಮಗು ನಿಮಗೆ ಸಿಕ್ಕೀತು. ಪಾಪ ಎಂದು ಮನೆಯಲ್ಲಿಟ್ಟುಕೊಳ್ಳಬೇಡಿ. ಅದರ ತಾಯಿ ಎಲ್ಲಿಯೋ ಅಳುತ್ತಿರುತ್ತಾಳೆ. ಪೊಲೀಸರಿಗೋ 1098ಕ್ಕೋ ತಿಳಿಸಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು.

ಇನ್ನೊಂದು ಮಾತು. ದುಃಖವು ಕೋಪವಾಗಿ ಕಂಡವರ ಮೇಲೆ ತಿರುಗಬಾರದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುಳ್ಳು ಮೊಬೈಲಿನಲ್ಲಿ ಹಬ್ಬಿತು. ಮುರ್ಕಿ ಗ್ರಾಮದಲ್ಲಿ ಜನ ಮುತ್ತಿ ಹೊಡೆದರು. ಹೈದರಾಬಾದಿನ ಯುವಕನೊಬ್ಬ ಸತ್ತ. ಆತನೂ ಒಬ್ಬ ತಾಯಿಯ ಮಗನಲ್ಲವೇ? ಸಂಶಯ ಬಂದರೆ ಠಾಣೆಗೆ ತಿಳಿಸಿ, ಕೈ ಎತ್ತಬೇಡಿ.

ಇನ್ನು ಮೂಲದ ಮಾತು. ಎಲ್ಲ ಮಕ್ಕಳನ್ನೂ ಕಳ್ಳರೇ ಒಯ್ಯುವುದಿಲ್ಲ. ಪರೀಕ್ಷೆಯ ಅಂಕಕ್ಕೆ ಹೆದರಿ, ಪೆಟ್ಟಿಗೆ ಹೆದರಿ, ಒಲ್ಲದ ಮದುವೆಗೆ ಹೆದರಿ ತಾವೇ ಹೋಗುವ ಮಕ್ಕಳಿದ್ದಾರೆ. ಹರಿಹರ ಕವಿ ಹೇಳಿದ ಕೋಳೂರು ಕೊಡಗೂಸಿನ ಕಥೆ ನಿಮಗೆ ಗೊತ್ತಿದೆ. ಶಿವನಿಗೆ ಹಾಲು ಅರ್ಪಿಸುವ ಕೆಲಸವನ್ನು ತಂದೆ ಮಗಳಿಗೆ ಒಪ್ಪಿಸಿ ಹೋದ. ಆ ಮುಗ್ಧೆಯ ಅಳುವಿಗೆ ಕರಗಿ ಶಿವ ಹಾಲು ಕುಡಿದ. ಹಿಂದಿರುಗಿದ ತಂದೆ ಮಗಳ ಮಾತು ನಂಬಲಿಲ್ಲ, ಗದರಿಸಿದ. ಹೆದರಿದ ಕೂಸು ಲಿಂಗದೊಳಗೆ ಸೇರಿಹೋಯಿತು. ಹಿಡಿಯಹೋದ ತಂದೆಯ ಕೈಗೆ ಸಿಕ್ಕಿದ್ದು ಕೂದಲು ಮಾತ್ರ. ಭಕ್ತಿಯ ಮಹಿಮೆಗಾಗಿ ಈ ಕಥೆಯನ್ನು ಹೇಳುತ್ತೇವೆ. ತಂದೆತಾಯಿಗಳೂ ಇದರಲ್ಲಿ ತಮ್ಮ ಪಾಠ ಓದಿಕೊಳ್ಳಬೇಕು. ಆ ಕೂಸಿಗೆ ಶಿವನ ಆಸರೆ ಸಿಕ್ಕಿತು. ಹೆದರಿ ಹೋದ ನಿಮ್ಮ ಮಗುವಿಗೆ ಯಾರ ಕೈ ಸಿಗುವುದೋ ಬಲ್ಲವರಾರು?

ಆದ್ದರಿಂದ ಮಗು ಮರಳಿ ಬಂದ ದಿನ ಹೊಡೆಯಬೇಡಿ, ಹತ್ತು ಜನರ ಮುಂದೆ ನಿಲ್ಲಿಸಿ ಕೇಳಬೇಡಿ. ಮೊದಲು ಅನ್ನ ಇಡಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ. ಠಾಣೆಗೆ ಸುದ್ದಿ ಮುಟ್ಟಿಸಿ. ಅನ್ಯಾಯವಾಗಿದೆ ಎಂದು ಮಗು ಹೇಳಿದರೆ ನಂಬಿ. ವೈದ್ಯರನ್ನೂ ಕಾನೂನನ್ನೂ ಆಶ್ರಯಿಸಿ. ನೆರೆಹೊರೆಯವರು ನಾಲಗೆ ಬಿಗಿಹಿಡಿದು, ಏನು ಸಹಾಯ ಬೇಕೆಂದು ಕೇಳಲಿ. ಊರಿನ ಮಾನ ಉಳಿಯುವುದು ಆಗಲೇ.

ಮಠದ ಬಾಗಿಲು ನಿಮಗೆ ಯಾವಾಗಲೂ ತೆರೆದಿದೆ. ಆದರೆ ಅಂಥ ದಿನ ಮೊದಲು ಠಾಣೆಗೆ ಹೋಗಿ, ಆಮೇಲೆ ಮಠಕ್ಕೆ ಬನ್ನಿ. ಯಾವ ಮನೆಗೂ ಅಂಥ ದಿನ ಬಾರದಿರಲಿ ಎಂದು ಹಾರೈಸುತ್ತೇವೆ.