ಸೀಟಿಗೆ ಕಾಯುವಾಗಲೇ ವಸತಿಯ ಚಿಂತೆ

(ತೊಂಡೇಬಾವಿಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಪಿಯುಸಿ ಮುಗಿಸಿ ಸಿಇಟಿ ಬರೆದ ಮಕ್ಕಳು ಪ್ರತಿವರ್ಷ ಕೇಳುವ ಪ್ರಶ್ನೆ ಒಂದೇ: "ನನಗೆ ಯಾವ ಕಾಲೇಜು ಸಿಗಬಹುದು?" ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ: "ಸಿಕ್ಕರೆ ಎಲ್ಲಿ ಉಳಿದುಕೊಳ್ಳಲಿ?" ಎರಡನೇ ಸುತ್ತಿನಲ್ಲಿ ಬಯಸಿದ ಕಾಲೇಜು ಸಿಕ್ಕಾಗ ಶುಲ್ಕ ಕಟ್ಟಿ ಹಾಜರಾಗಲು ಇರುವುದು ಕೆಲವೇ ದಿನ. ಅಷ್ಟರೊಳಗೆ ಮನೆಯವರು ನಂಬುವಂಥ ವಸತಿ ಸಿಗದಿದ್ದರೆ ಹುಡುಗ ಹೇಗೋ ಗೆಳೆಯನ ಕೋಣೆಯಲ್ಲಿ ಮಲಗುತ್ತಾನೆ. ಹುಡುಗಿಗೆ ಮಾತ್ರ "ಇಷ್ಟು ಓದಿದ್ದು ಸಾಕಮ್ಮ" ಎಂದುಬಿಡುತ್ತೇವೆ. ಒಳ್ಳೆಯ ಅಂಕ ಬಂದಿದ್ದರೂ ಒಂದು ಮಂಚ ಸಿಗದೆ ಓದು ನಿಲ್ಲುತ್ತದೆ. ಸೀಟಿನ ಸಾಲು ಬೇರೆ, ವಸತಿಯ ಸಾಲು ಬೇರೆ. ಎರಡರಲ್ಲೂ ಒಟ್ಟಿಗೇ ನಿಲ್ಲಬೇಕು.

"ಅಲ್ಲಾಹ್ ಇದ್ದಾನೆ, ಆಮೇಲೆ ನೋಡೋಣ" ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ನಮ್ಮ ಪ್ರವಾದಿಯವರು (ಸ) ಕಲಿಸಿದ್ದಾರೆ. ಕಟ್ಟುವ ಕೆಲಸ ನಮ್ಮದು.

ನಮ್ಮ ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಿರಿ. 1935ರಲ್ಲಿ ಬಸ್ಸಿಗೆ ಹಣವಿಲ್ಲದೆ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದವರು ಅವರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಆದರೂ ದಶಕಗಳ ಕಾಲ ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಬಾಳಿದರು. ಹಳ್ಳಿಯ ಮಗುವಿಗೆ ಹಾಸ್ಟೆಲಿನ ಬೆಲೆ ಏನೆಂಬುದಕ್ಕೆ ಅವರ ಬದುಕೇ ಸಾಕ್ಷಿ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಆಪ್ಷನ್ ತುಂಬುವ ಮುಂಚೆ ಒಂದು ಹಾಳೆಯಲ್ಲಿ ಪ್ರತಿ ಕಾಲೇಜಿನ ಎದುರು "ಇರುವುದು ಎಲ್ಲಿ" ಎಂದು ಬರೆಯಿರಿ. ನಮ್ಮ ಊರಿಗೆ ರೈಲು ಇದೆ. ದೊಡ್ಡಬಳ್ಳಾಪುರ, ಯಲಹಂಕದ ಕಡೆಯ ಕಾಲೇಜಾದರೆ ರೈಲಿನ ಸಮಯ ತರಗತಿಗೆ ಹೊಂದುತ್ತದೆಯೇ ನೋಡಿ. ಹುಡುಗಿಯರಿಗೆ ಪದವಿಯವರೆಗೆ ರೈಲ್ವೆಯ ಉಚಿತ ತಿಂಗಳ ಪಾಸಿನ ಸೌಲಭ್ಯವಿದೆ, ಸ್ಟೇಷನ್ನಿನಲ್ಲಿ ವಿಚಾರಿಸಿ. ಮೈಸೂರು, ಮಂಗಳೂರಾದರೆ ಹಾಸ್ಟೆಲೇ ಗತಿ.

ಎರಡನೆಯದಾಗಿ, ಸರ್ಕಾರಿ ಹಾಸ್ಟೆಲು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಎರಡೂ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳನ್ನು ನಡೆಸುತ್ತವೆ. ಅರ್ಜಿ ಆನ್‌ಲೈನಿನಲ್ಲಿ. ಕಾಲೇಜು ಖಚಿತವಾಗುವ ಮುನ್ನವೇ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತಂದಿಟ್ಟುಕೊಳ್ಳಿ. ಒಂದು ಮಾತು ಗಮನಿಸಿ: ನಮ್ಮ ಮಕ್ಕಳ ಹೆಸರು ಆಧಾರಿನಲ್ಲಿ "ಶೇಖ್", ಅಂಕಪಟ್ಟಿಯಲ್ಲಿ "ಶೈಕ್", ಇನ್ನೊಂದರಲ್ಲಿ ಬರೀ "ಎಸ್.ಕೆ." ಎಂದಿರುತ್ತದೆ. ಉರ್ದುವಿನಲ್ಲಿ ಎಲ್ಲವೂ ಒಂದೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಜನ. ಇದನ್ನು ರಜೆಯಲ್ಲೇ ಸರಿಪಡಿಸಿ. ಹಾಸ್ಟೆಲು ಸಿಗದವರ ಊಟ ವಸತಿಗೆ ವಿದ್ಯಾಸಿರಿ ಯೋಜನೆ ಇದೆ. 2013-14ರಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು ಆರಂಭವಾದಾಗ ಅದು ತಿಂಗಳಿಗೆ 1,500 ರೂಪಾಯಿ ಕೊಡುತ್ತಿತ್ತು. ನಿಮಗೆ ಅನ್ವಯಿಸುವುದೇ ಎಂದು ಇಲಾಖೆಯ ಕಚೇರಿಯಲ್ಲಿ ಕೇಳಿ.

ಮೂರನೆಯದಾಗಿ, ಕೈಯಲ್ಲಿ ಒಂದು ಸೀಟು ಇಟ್ಟುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವವರು. ಮುಂದಿನ ಸುತ್ತಿನಲ್ಲಿ ಮೇಲಿನ ಕಾಲೇಜು ಸಿಕ್ಕರೆ ಮೊದಲಿನ ಸೀಟು ತಾನಾಗಿ ರದ್ದಾಗುತ್ತದೆ. ಆದ್ದರಿಂದ ಯಾವ ಪಿಜಿಗೂ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ಎರಡೂ ಕಾಲೇಜುಗಳ ಬಳಿ ಹೋಗಿ ನೋಡಿ ಬನ್ನಿ, ಕಾಲೇಜಿನ ಹಾಸ್ಟೆಲಿನಲ್ಲಿ ವಿಚಾರಿಸಿಡಿ. ಪಿಜಿ ಹಿಡಿಯಲೇಬೇಕಾದರೆ ತಿಂಗಳ ಲೆಕ್ಕದಲ್ಲಿ ಹಿಡಿಯಿರಿ. ಸೀಟು ಬದಲಾದರೆ ಅಡ್ವಾನ್ಸ್ ಎಷ್ಟು ವಾಪಸು, ಎಷ್ಟು ದಿನ ಮುಂಚೆ ಹೇಳಬೇಕು ಎಂಬುದನ್ನು ಬರೆಸಿಕೊಂಡು ರಸೀದಿ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಕುರ್‌ಆನ್ ಆದೇಶಿಸಿದೆ. ಬರೆಸಿಕೊಳ್ಳಲು ಸಂಕೋಚ ಬೇಡ. ಹೆಣ್ಣುಮಕ್ಕಳ ತಂದೆತಾಯಿ ಸಂಜೆ ಹೊತ್ತಿನಲ್ಲಿ ಹೋಗಿ ಬೀದಿದೀಪ, ನೀರು, ಬಾಗಿಲಿನ ಚಿಲಕ ನೋಡಿ. ವಾರ್ಡನ್ನರ ಜೊತೆಗೆ ಅಲ್ಲಿರುವ ಹುಡುಗಿಯರನ್ನೂ ಮಾತಾಡಿಸಿ.

ಖಾಲಾ ಮನೆ, ಫುಪ್ಪು ಮನೆ ಇದೆಯಲ್ಲ ಎನ್ನುತ್ತೀರಿ. ಒಳ್ಳೆಯದೇ. ಆದರೆ ಅತಿಥಿಯ ಹಕ್ಕು ಮೂರು ದಿನ. ಅದಕ್ಕಿಂತ ಹೆಚ್ಚು ಇರುವುದಾದರೆ ಎಷ್ಟು ದಿನ, ಖರ್ಚಿಗೆ ಏನು ಕೊಡುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಕೊನೆಯದಾಗಿ, ಬಯಸಿದ ಕಡೆ ಜಾಗ ಸಿಕ್ಕ ದಿನವೇ ಬೇಡವಾದ ಹಾಸ್ಟೆಲಿಗೆ ತಿಳಿಸಿ ಬಿಟ್ಟುಕೊಡಿ. ನೀವು ಸುಮ್ಮನೆ ಹಿಡಿದಿಟ್ಟ ಮಂಚಕ್ಕಾಗಿ ಇನ್ನೊಂದು ಊರಿನ ಮಗು ಪಟ್ಟಿಯಲ್ಲಿ ಕಾಯುತ್ತಿರುತ್ತದೆ. ಅದು ಆ ಮಗುವಿನ ಹಕ್ಕು.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಬೆಂಗಳೂರಿನಲ್ಲಿ ಓದುತ್ತಿರುವ, ಕೆಲಸದಲ್ಲಿರುವ ನಮ್ಮ ಊರಿನವರ ಪಟ್ಟಿಯೊಂದನ್ನು ಮಾಡೋಣ. ಸೀಟು ಸಿಕ್ಕ ಮಗುವಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಮೊದಲ ಹದಿನೈದು ದಿನ ಒಂದು ನಂಬಿಕೆಯ ಮನೆ ಸಿಗಲಿ. ಪಿಜಿ ಅಡ್ವಾನ್ಸಿಗೆ ಕರ್ಜೆ ಹಸನಾ ರೂಪದಲ್ಲಿ ಒಂದು ಚಿಕ್ಕ ನಿಧಿ ಇರಲಿ. ಮಗು ಓದಿ ಮುಗಿಸಿ ಹಿಂತಿರುಗಿಸಲಿ. ಶಾಲು ಹಾರಗಳ ಖರ್ಚನ್ನು ಒಂದು ವರ್ಷ ಉಳಿಸಿದರೂ ಆರಂಭಕ್ಕೆ ಸಾಕು. ಪ್ರತಿಭಾ ಪುರಸ್ಕಾರ ಪಡೆದ ಹುಡುಗಿ ಆಗಸ್ಟಿನಲ್ಲಿ ಮನೆಯಲ್ಲೇ ಕುಳಿತಿದ್ದರೆ ಆ ಪುರಸ್ಕಾರಕ್ಕೆ ಅರ್ಥವೇನು?

ಅಲ್ಲಾಹನು ನಮ್ಮ ಮಕ್ಕಳ ಓದನ್ನು ಸುಗಮಗೊಳಿಸಲಿ, ಆಮೀನ್.